ಎಮ್ಡನ್ ಮೇಷ್ಟ್ರ ನೌಕಾಪಡೆ

ದಸರಾ ಬಂತೆಂದರೆ ರಾಜಾಜಿನಗರದ ನಮ್ಮ ಬೀದಿಯಲ್ಲಿ ಮನೆಮನೆಗೂ ಗೊಂಬೆ ಕೂರಿಸುತ್ತಿದ್ದರು. ಎಲ್ಲರ ಮನೆಯ ಮೆಟ್ಟಿಲ ಮೇಲೂ ಪಟ್ಟದ ರಾಜ ರಾಣಿ, ಶೆಟ್ಟಿ ದಂಪತಿ, ಬೆಣ್ಣೆ ಕದಿಯುವ ಕೃಷ್ಣ. ನಮ್ಮ ಎದುರು ಮನೆಯ ರಾಮಸ್ವಾಮಿ ಮೇಷ್ಟ್ರ ಹಜಾರದಲ್ಲಿ ಮಾತ್ರ ರಾಜ ರಾಣಿಯರ ಪಾದದಡಿ ನೀಲಿ ಬಟ್ಟೆ ಹಾಸಿ, ಅದರ ಮೇಲೆ ಜರ್ಮನಿಯ ಚಕ್ರವರ್ತಿ ಕೈಸರನ ಯುದ್ಧನೌಕೆಗಳನ್ನು ಸಾಲಾಗಿ ನಿಲ್ಲಿಸಿರುತ್ತಿದ್ದರು.

ಪ್ಯಾಕಿಂಗ್ ಪೆಟ್ಟಿಗೆಯ ಮರವನ್ನು ಕೆತ್ತಿ, ಗುಂಡುಸೂಜಿಯ ಫಿರಂಗಿ, ಊದುಬತ್ತಿ ಕಡ್ಡಿಯ ಪಟಸ್ತಂಭ, ಖಾಲಿ ರೀಫಿಲ್ಲಿನ ಹೊಗೆಕೊಳವೆ ಜೋಡಿಸಿ, ಬೂದು ಬಣ್ಣ ಬಳಿದು ಅವರೇ ಮಾಡಿದ ಹಡಗುಗಳು. ವರ್ಷಕ್ಕೊಂದೋ ಎರಡೋ ಹೊಸದಾಗಿ ಸೇರುತ್ತಿದ್ದವು. "ನಮ್ಮನೆಯೋರ ಜರ್ಮನಿ ಈ ಸಲಾನೂ ನನ್ನದೊಂದು ಮೆಟ್ಟಿಲು ನುಂಗ್ತು," ಎಂದು ಅವರ ಹೆಂಡತಿ ಜಾನಕಮ್ಮ ಅರಿಸಿನ ಕುಂಕುಮಕ್ಕೆ ಬಂದವರಿಗೆಲ್ಲ ದೂರು ಹೇಳುತ್ತಿದ್ದರು. ಚರಪು ತಿನ್ನಲು ಬಂದ ಮಕ್ಕಳ ಪಾಡಂತೂ ಕೇಳುವುದೇ ಬೇಡ. ಒಂದು ನೌಕಾಯುದ್ಧ ಪೂರ್ತಿ ಕೇಳಿಸಿಕೊಳ್ಳದೆ ಕೈಗೆ ಕಡಲೆಕಾಳಿನ ಉಸಲಿ ಬೀಳುತ್ತಿರಲಿಲ್ಲ. "ಮುಟ್ಟಬೇಡ್ರೋ, ದೂರದಿಂದ ನೋಡಿ," ಎಂಬ ಮಾತು ಮಾತ್ರ ಯುದ್ಧದ ನಡುನಡುವೆ ಬಂದೇ ಬರುತ್ತಿತ್ತು.

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದ ಈ ಮನುಷ್ಯನಿಗೆ ಜರ್ಮನಿಯ ಹುಚ್ಚು ಹಿಡಿದದ್ದು ತೊಟ್ಟಿಲಲ್ಲೇ. ಮೊದಲ ಮಹಾಯುದ್ಧದಲ್ಲಿ ಎಮ್ಡನ್ ಎಂಬ ಜರ್ಮನ್ ಹಡಗು ಮದರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದಾಗ, ಅಲ್ಲಿದ್ದ ಅವರ ತಾಯಿ ಹಸುಗೂಸನ್ನು ಎತ್ತಿಕೊಂಡು ಬೆಂಗಳೂರಿನ ರೈಲು ಹತ್ತಿದ್ದರಂತೆ. "ಆ ಕೂಸು ನಾನೇ ಕಣಮ್ಮ ಸರೋಜ. ನನ್ನನ್ನ ಬೆಂಗಳೂರಿಗೆ ಕಳಿಸಿದ್ದು ಕೈಸರ್," ಎಂದು ನನಗೆ ಅದೆಷ್ಟು ಸಲ ಹೇಳಿದ್ದರೋ. ಬೀದಿಯವರು ಅವರಿಗೆ ಎಮ್ಡನ್ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಅವರಿಗೂ ಅದು ಇಷ್ಟವೇ ಆಗಿತ್ತು. ಅಷ್ಟು ಹಡಗು ಕೆತ್ತಿದ ಮೇಷ್ಟ್ರು ಬುದ್ಧಿ ಬಂದಮೇಲೆ ಸಮುದ್ರ ನೋಡಿದವರಲ್ಲ.

ಅವರ ಒಬ್ಬಳೇ ಮಗಳು ವಸಂತ ನನ್ನ ಓರಗೆಯವಳು. ಎಪ್ಪತ್ತರ ದಶಕದ ನಡುವೆ ಅವಳು ಜ್ಞಾನಭಾರತಿಯಲ್ಲಿ ಎಂ.ಎ. ಓದುತ್ತಿದ್ದಳು. ಕ್ಯಾಂಪಸ್ಸು ಆಗ ಬರೀ ಬಂಡೆ, ಕುರುಚಲು. ಸಂಜೆ ಅವಳ ಬಸ್ಸು ಬರುವ ಹೊತ್ತಿಗೆ ಮೇಷ್ಟ್ರು ಕೊಡೆ ಹಿಡಿದು ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಮಳೆಯಿರಲಿ, ಬಿಡಲಿ, ಕೊಡೆ ಇರುತ್ತಿತ್ತು. ನಾವು ಗೆಳತಿಯರು ನಗುತ್ತಿದ್ದೆವು. ವಸಂತ ನಗುತ್ತಿರಲಿಲ್ಲ.

ಎಂ.ಎ. ಮುಗಿದ ಮೇಲೆ ಕಾರವಾರದ ಒಂದು ಕಾಲೇಜಿನಲ್ಲಿ ಅವಳಿಗೆ ಚರಿತ್ರೆಯ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಆ ದಿನ ನಾನು ಅವರ ಮನೆಯಲ್ಲೇ ಹೂ ಕಟ್ಟುತ್ತಾ ಕೂತಿದ್ದೆ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ.

"ಅಷ್ಟು ದೂರ ಒಬ್ಬಳೇ ಯಾಕೆ ಪುಟ್ಟಿ? ಇಲ್ಲೇ ಎಲ್ಲಾದ್ರೂ ಸಿಗತ್ತೆ ಬಿಡು," ಎಂದರು ಮೇಷ್ಟ್ರು, ಹಡಗಿಗೆ ಬಣ್ಣ ಬಳಿಯುತ್ತಲೇ.

"ಎಮ್ಡನ್ನೂ ಒಂದೇ ಹೋಗಿತ್ತಲ್ಲಪ್ಪ. ಹೋಗಿದ್ದಕ್ಕೇ ಅಲ್ವಾ ನೀವು ಇವತ್ತಿಗೂ ಅದರ ಹೆಸರು ಹೇಳೋದು?"

"ಹೋಗಿ ಏನಾಯ್ತು ಹೇಳು? ಕೆಲವೇ ತಿಂಗಳಲ್ಲಿ ಹವಳದ ದಿಬ್ಬಕ್ಕೆ ಬಡಿದು ಹಾಳಾಯ್ತು."

"ಬಂದರಲ್ಲಿ ಜೋಪಾನವಾಗಿ ಇಟ್ಕೊಂಡಿದ್ದವೂ ಮುಳುಗಿದ್ವಲ್ಲಪ್ಪ."

ಇದು ಅವರೇ ನಮಗೆಲ್ಲ ಹೇಳಿಕೊಟ್ಟ ಪಾಠ. ಕೈಸರನಿಗೆ ತನ್ನ ಹಡಗುಗಳ ಮೇಲೆ ಎಷ್ಟು ಮೋಹವೆಂದರೆ, ಎಲ್ಲಿ ಪೆಟ್ಟಾಗುತ್ತದೋ ಎಂದು ಯುದ್ಧದ ಬಹುಕಾಲ ಅವನ್ನು ಬಂದರಿನಲ್ಲೇ ನಿಲ್ಲಿಸಿದ. ಸೋತ ಮೇಲೆ ಅವು ಶತ್ರುಗಳ ಕಾವಲಿಗೆ ಹೋದವು. ಕೊನೆಗೆ ಅವುಗಳ ನಾವಿಕರೇ ಒಳಗೆ ನೀರು ಬಿಟ್ಟು ಮುಳುಗಿಸಿದರು. ಇದನ್ನು ಹೇಳಿ ಮುಗಿಸುವಾಗ ಮೇಷ್ಟ್ರು, "ಪ್ರೀತಿ ಜಾಸ್ತಿ ಆಯ್ತು ಕಣ್ರೋ, ಅದೇ ಅವನ ತಪ್ಪು," ಎನ್ನುತ್ತಿದ್ದರು. ಅಂಥವರಿಗೆ ಮಗಳ ಮಾತು ಅರ್ಥವಾಗಲಿಲ್ಲವೆಂದರೆ ನಾನು ನಂಬಲಾರೆ. ಆದರೂ ಅವರು ಕುಂಚದಿಂದ ಕಣ್ಣೆತ್ತಲಿಲ್ಲ. ಕೆಲಸಕ್ಕೆ ಸೇರಬೇಕಾದ ದಿನ ಬಂತು, ಹೋಯಿತು. ಆಮೇಲೆ ಬಂದ ಗಂಡುಗಳೂ ಅಷ್ಟೇ, ಒಬ್ಬ ಭದ್ರಾವತಿಯವನು, ಒಬ್ಬ ಬೊಂಬಾಯಿಯವನು, ಎಲ್ಲರೂ ದೂರದವರೇ ಆಗಿಬಿಟ್ಟರು. ವಸಂತ ಮನೆಯಲ್ಲೇ ಟ್ಯೂಷನ್ ಹೇಳತೊಡಗಿದಳು. ಮೇಷ್ಟ್ರ ಮೇಲೆ ನನಗೆ ಆಗ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಕೆಲವು ವರ್ಷಗಳ ಮೇಲೆ, ಮದುವೆಯಾಗಿ ವಿಜಯನಗರಕ್ಕೆ ಹೋಗಿದ್ದ ನಾನು ದಸರೆಗೆ ತವರಿಗೆ ಬಂದಿದ್ದೆ. ಗೊಂಬೆ ನೋಡಲು ಬಂದ ಪುಟ್ಟ ಹುಡುಗಿಯೊಂದು, "ತಾತ, ಇದು ತೇಲತ್ತಾ?" ಎಂದು ಕೇಳಿತು. ಹಡಗು ಕೆತ್ತಲು ತೊಡಗಿ ಇಷ್ಟು ವರ್ಷವಾದರೂ ಯಾರೂ ಅದನ್ನು ಕೇಳಿರಲಿಲ್ಲ. ವಸಂತ ಎಲ್ಲಕ್ಕಿಂತ ದೊಡ್ಡ ಹಡಗನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. "ಪುಟ್ಟಿ, ಬೇಡ," ಎನ್ನುತ್ತಾ ಮೇಷ್ಟ್ರೂ, ಹಿಂದೆ ನಾವೆಲ್ಲರೂ ಹೋದೆವು. ಅವಳು ನೀರಿನ ತೊಟ್ಟಿಯಲ್ಲಿ ಅದನ್ನು ಮೆಲ್ಲಗೆ ಬಿಟ್ಟಳು. ಹಡಗು ಒಂದು ಕ್ಷಣ ನಿಂತು, ವಾಲಿ, ಫಿರಂಗಿಗಳನ್ನೆಲ್ಲ ನೀರಿಗೆ ಚುಚ್ಚಿ ಮಗುಚಿಕೊಂಡಿತು. ನೋಡಲಿಕ್ಕೆಂದು ಮಾಡಿದ್ದು, ಅಡಿಯಲ್ಲಿ ಭಾರವೇ ಇರಲಿಲ್ಲ.

"ನೀರು ಕಂಡಿದ್ದರೆ ಅಲ್ವಾ ಅಪ್ಪ ಇದಕ್ಕೆ ತೇಲೋದು ಗೊತ್ತಾಗೋದು," ಎಂದಳು ವಸಂತ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಆ ಸಂಜೆ ಮಕ್ಕಳಿಗೆ ಯುದ್ಧದ ಕಥೆಯಿಲ್ಲದೆಯೇ ಉಸಲಿ ಸಿಕ್ಕಿತು.

ನಾನು ಮೇಷ್ಟ್ರನ್ನು ಕಡೆಯ ಬಾರಿ ಕಂಡದ್ದು ಮುಂದಿನ ಬೇಸಿಗೆಯಲ್ಲಿ. ಹಿತ್ತಲಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದೇ ಹಡಗಿನ ಅಡಿಗೆ ಸೀಸದ ಚೂರು ಅಂಟಿಸುತ್ತಿದ್ದರು. ನೀರಿಗೆ ಬಿಟ್ಟು ತೋರಿಸಿದರು. ನೆಟ್ಟಗೆ ನಿಂತಿತು.

"ಈಗ ತೇಲತ್ತೆ ನೋಡು ಸರೋಜ," ಎಂದರು. ಆಮೇಲೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆ ಕಾರವಾರದೋರು ಮತ್ತೆ ಕರೀತಾರೇನಮ್ಮ? ನಮ್ಮ ವಸಂತ ಈಗಲೂ ಹೋಗ್ತಾಳಾ?"

"ಅವಳನ್ನೇ ಕೇಳಿ ಮೇಷ್ಟ್ರೇ. ಒಳಗೇ ಇದಾಳಲ್ಲ."

"ಕೇಳೋಕೆ ಮುಖ ಇಲ್ಲ ಕಣಮ್ಮ," ಎಂದರು. ಬೆರಳ ತುದಿಯಿಂದ ಹಡಗನ್ನು ತೊಟ್ಟಿಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತಾ ಕೂತರು.

ಆ ದಸರಾ ಬರುವ ಮುಂಚೆಯೇ ಹೋಗಿಬಿಟ್ಟರು. ಸೂತಕದ ವರ್ಷವೆಂದು ಆ ಮನೆಯಲ್ಲಿ ಗೊಂಬೆ ಕೂರಿಸಲಿಲ್ಲ. ನಾನು ನೋಡಿಕೊಂಡು ಬರಲು ಹೋದಾಗ ಹಡಗುಗಳೆಲ್ಲ ಹಳೇ ಪಂಚೆಯಲ್ಲಿ ಸುತ್ತಿಸಿಕೊಂಡು ಟ್ರಂಕಿನೊಳಗಿದ್ದವು. ದೊಡ್ಡದೊಂದು ಮಾತ್ರ ತೊಟ್ಟಿಯಲ್ಲೇ ತೇಲುತ್ತಿತ್ತು. ಮನಸ್ಸು ತಡೆಯದೆ, ಅವಳ ಅಪ್ಪ ಅಂದು ನನ್ನ ಬಳಿ ಕೇಳಿದ್ದನ್ನು ವಸಂತನಿಗೆ ಹೇಳಿಬಿಟ್ಟೆ.

ಅವಳು ತಂಬಿಗೆ ಹಿಡಿದು ತೊಟ್ಟಿಯ ಬಳಿ ಬಂದಳು.

"ನನ್ನನ್ನೇ ಕೇಳಬಹುದಿತ್ತಲ್ಲೇ," ಎಂದಳು. "ನಾನು ಇಲ್ಲೇ ಇದ್ದೆ."

ಆಮೇಲೆ ಬಗ್ಗಿ, ತಂಬಿಗೆಯ ಅಂಚಿನಿಂದ ಹಡಗನ್ನು ಪಕ್ಕಕ್ಕೆ ಸರಿಸಿ ನೀರು ತುಂಬಿಕೊಂಡಳು.