ಟ್ಯಾಂಕಿಯಲ್ಲಿ ಉಳಿದ ಗಾಳಿ

ಯಂಕಂಚಿಯ ಮಾಳಿಂಗರಾಯ ಸಿಂದಗಿಯ ಶೆಡ್ಡೊಂದರಲ್ಲಿ ಕಬ್ಬು ಸಾಗಿಸುವ ಟ್ರೇಲರುಗಳ ಬೆಸುಗೆಯನ್ನು ಗ್ರೈಂಡರಿನಿಂದ ಉಜ್ಜಿ ನಯಗೊಳಿಸುತ್ತಿದ್ದ. ಮನೆ ನಡೆಯುತ್ತಿದ್ದುದು ಅವನ ಕೈಗಳಿಂದಲೇ. ಕರೆಂಟ್ ಹೋದಾಗ ಸವೆದ ಚಕ್ರ ಬದಲಿಸುವುದು ಅವನ ಹಳೆಯ ರೂಢಿ. ಆದರೆ ಹೊಸ ಗ್ರೈಂಡರ್ ಕಂಪ್ರೆಸರ್ ಟ್ಯಾಂಕಿಯಲ್ಲಿ ತುಂಬಿಟ್ಟ ಗಾಳಿಯಿಂದ ತಿರುಗುವಂಥದ್ದು. ಅಂದು ಕರೆಂಟ್ ಹೋದೊಡನೆ ಅವನು ಚಕ್ರಕ್ಕೆ ಕೈಹಾಕಿದ.

"ಮೊದ್ಲ ಗಾಳಿ ಬಂದ್ ಮಾಡಲೇ ಮಾಳಿಂಗ್ಯಾ," ಎಂದ ಜೊತೆಗಾರ ಖಂಡೆಪ್ಪ.

"ಕರೆಂಟ್ ಇಲ್ದ ಇದನ್ನ ನಿಮ್ಮಪ್ಪ ತಿರಗಸ್ತಾನೇನಲೇ?"

ಟ್ಯಾಂಕಿಯಲ್ಲಿ ಗಾಳಿ ತುಂಬಿಯೇ ಇತ್ತು. ಎಡಗೈಯಡಿ ಗ್ರೈಂಡರ್ ಚಾಲೂ ಮಾಡುವ ಹಿಡಿಕೆ ಅದುಮಿಕೊಂಡಿತು. ಚಕ್ರ ತಿರುಗಿ ಬಲಗೈಯ ಬೆರಳುಗಳನ್ನು ಒಯ್ದಿತು.

ಈಗ ಹೆಂಡತಿ ಸಾತವ್ವ ಒಣಗಿ ಗಟ್ಟಿಯಾದ ಕಟಕ್ ರೊಟ್ಟಿ ಮುರಿದುಕೊಡಲು ಬರುತ್ತಾಳೆ.

"ಬಿಡ, ನಾನ ಮುರೀತೇನಿ."

ಎಡಗೈಯೊಂದರಲ್ಲಿ ರೊಟ್ಟಿ ಜಾರುತ್ತದೆ. ಅವನು ಅದನ್ನು ಎತ್ತಿಕೊಳ್ಳುವವರೆಗೂ ಸಾತವ್ವ ಒಲೆಯ ಕಡೆಗೇ ಮುಖಮಾಡಿ ಕೂತಿರುತ್ತಾಳೆ.