ಲಾಭದಿಂದ ಎಣಿಸಿದ ಡಿಸ್ಕುಗಳು

ಆ ನಂಬರಿನ ಚೀಟಿಗಳನ್ನು ಕಿತ್ತು ಬೇರೆ ಹಚ್ಚಿದವನು ನಾನು. ಮಹಾದೇವಿಯ ಕೈ ತಪ್ಪಿರಲಿಲ್ಲ, ಕಣ್ಣೂ ತಪ್ಪಿರಲಿಲ್ಲ. ನಾನು ಯಾವ ಡಿಸ್ಕನ್ನು ಎಳೆ ಎಂದೆನೋ ಅದನ್ನೇ ಅವಳು ಎಳೆದಳು. ತಪ್ಪು ಅವಳದೇ ಎಂದು ಎಲ್ಲರೂ ನಂಬುವ ಹಾಗೆ ಮಾಡಿದೆ — ಕೊನೆಗೆ ಅವಳೂ ನಂಬುವ ಹಾಗೆ. ವಿಷಯ ಇಷ್ಟೇ. ಮುಂದೆ ಬರೆಯುವುದೆಲ್ಲ ಅದು ಹೇಗಾಯಿತು ಎಂಬುದು ಮಾತ್ರ. ಬರೆದರೆ ಮಾಡಿದ್ದು ಹಗುರಾಗುತ್ತದೆ ಎಂಬ ಭ್ರಮೆ ನನಗಿಲ್ಲ.

ನಾನು ಮೂಡಲಗಿಯವನು, ಹೆಸರು ಈರಣ್ಣ. ಕಂಪ್ಯೂಟರ್, ಕ್ಯಾಮೆರಾ, ಅವುಗಳ ವೈರು ಎಂದು ಗೋಕಾಕ, ಹುಕ್ಕೇರಿ ಕಡೆಗೆಲ್ಲ ಬೈಕಿನ ಮೇಲೆ ತಿರುಗಿ ಹೊಟ್ಟೆ ಹೊರೆಯುತ್ತೇನೆ. ಈ ಭಾಗದಲ್ಲಿ ಈ ಕೆಲಸ ನನ್ನಷ್ಟು ಯಾರಿಗೂ ಬರುವುದಿಲ್ಲ ಎಂಬ ಸೊಕ್ಕು ಆಗ ನನ್ನ ತಲೆಗೇರಿತ್ತು. ಯಾರಾದರೂ ಎರಡನೇ ಸಲ ಪ್ರಶ್ನೆ ಕೇಳಿದರೆ ಸಿಡುಕುತ್ತಿದ್ದೆ. ಆ ಸಿಡುಕೂ ಈ ಕತೆಯಲ್ಲಿದೆ.

ಗೋಕಾಕದ ಚನ್ನಬಸಪ್ಪ ಸಾವಕಾರರು ಲಗ್ನದ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋ ಇಟ್ಟಿದ್ದರು. ಮೂಲತಃ ಕಾಳಿನ ವ್ಯಾಪಾರದ ಮನೆತನ. ಕಾಲ ನೋಡಿ ಕ್ಯಾಮೆರಾಕ್ಕೆ ಇಳಿದರೂ ಬುದ್ಧಿಯೆಲ್ಲ ಕಾಳಿನದೇ; ಲಗ್ನಗಳನ್ನು ಸುಗ್ಗಿ ಎನ್ನುತ್ತಿದ್ದರು, ಕತ್ತರಿಸಿ ಜೋಡಿಸದೆ ಉಳಿದ ವಿಡಿಯೋಗಳನ್ನು ರಾಶಿ ಎನ್ನುತ್ತಿದ್ದರು. ಆ ರಾಶಿ ಇಡಲು ಜಾಗ ಸಾಲದಾದಾಗ ನಾನೇ ಒಂದು ಡಿಸ್ಕ್ ಪೆಟ್ಟಿಗೆ ತರಿಸಿಕೊಟ್ಟೆ. ಹನ್ನೆರಡು ಡಿಸ್ಕು ಹಿಡಿಯುವ, ಕಬ್ಬಿಣದ ರ‍್ಯಾಕಿನಲ್ಲಿ ಕೂರುವ ಪೆಟ್ಟಿಗೆ. ಒಂದು ಡಿಸ್ಕು ಕೆಟ್ಟರೂ ಉಳಿದವು ಸೇರಿ ಅದರ ಕೆಲಸ ಮಾಡುತ್ತವೆ, ಕೆಟ್ಟದ್ದಕ್ಕೆ ಕೇಸರಿ ದೀಪ ಹತ್ತುತ್ತದೆ, ಅದನ್ನು ಎಳೆದು ಹೊಸದು ಹಾಕಿದರೆ ಸಾಕು. ಎರಡು ಒಮ್ಮೆಗೇ ಹೋದರೆ ಮಾತ್ರ ಎಲ್ಲವೂ ಹೋದಂತೆ.

ಕೂರಿಸಿದ ಕೆಲಸ ಚೊಕ್ಕವಾಗಿತ್ತು — ಇದನ್ನು ಜಂಬದಿಂದ ಹೇಳುತ್ತಿಲ್ಲ, ಎಲ್ಲಿ ಹಾದಿ ತಪ್ಪಿದೆ ಎಂಬುದು ತಿಳಿಯಲಿ ಎಂದು ಹೇಳುತ್ತಿದ್ದೇನೆ. ರ‍್ಯಾಕಿಗೆ ಹಳಿ ಬಿಗಿದು, ಮಟ್ಟ ನೋಡಿ, ಖಾಲಿ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಒಳಗೆ ಸರಿಸಿದೆವು. ಆಮೇಲೆ ಡಿಸ್ಕುಗಳನ್ನು ಒಂದೊಂದಾಗಿ, ಕಟ್ ಎಂದು ಕಚ್ಚುವ ತನಕ ಒತ್ತಿದೆ. ಕರೆಂಟಿನ ಎರಡು ವೈರನ್ನೂ ಬೇರೆ ಬೇರೆ ಕಡೆಯಿಂದ ತಂದೆ. ಒಂದನ್ನು ಕಿತ್ತು ನೋಡಿದೆ, ಪೆಟ್ಟಿಗೆ ನಿಲ್ಲಲಿಲ್ಲ. ಸಾವಕಾರರ ಕೈಯಿಂದಲೇ ಒಂದು ಡಿಸ್ಕನ್ನು ಎಳೆಸಿ ಮತ್ತೆ ಹಾಕಿಸಿದೆ, ವಿಡಿಯೋ ಓಡುತ್ತಲೇ ಇತ್ತು. ಅವರು ಮಗುವಿನಂತೆ ನಕ್ಕರು. ಪ್ರತಿ ಡಿಸ್ಕಿನ ಮೇಲೆ ನಂಬರಿನ ಚೀಟಿ ಹಚ್ಚಿದ್ದೆ. ಈ ಪೆಟ್ಟಿಗೆಗಳು ಮೊದಲಿನ ಡಿಸ್ಕನ್ನು ಸೊನ್ನೆ ಎಂದೇ ಎಣಿಸುತ್ತವೆ, ಹಾಗಾಗಿ ನನ್ನ ಚೀಟಿಯೂ ಸೊನ್ನೆಯಿಂದಲೇ ಶುರುವಾಗಿತ್ತು.

ಪೂಜೆಗೆ ಕಾಯಿ ಹಿಡಿದು ಬಂದ ಸಾವಕಾರರು ಆ ಸೊನ್ನೆ ನೋಡಿ ಅಲ್ಲೇ ನಿಂತರು.

"ಏ ಈರಣ್ಣಾ, ಸೊನ್ನಿಯಿಂದ ಯಾರರ ಸುರು ಮಾಡ್ತಾರೇನೋ? ರಾಶಿ ಅಳಿಯುಮುಂದ ನಮ್ಮಪ್ಪ ಒಂದು ಅಂತನೂ ಅಂತಿದ್ದಿಲ್ಲ. ಲಾಭ ಅಂತಿದ್ದ. ಲಾಭ, ಎರಡು, ಮೂರು… ಹಂಗ ಹಚ್ಚು."

"ಯಂತ್ರಕ್ಕ ಅದು ತಿಳಿಯೂದಿಲ್ರಿ ಸಾವಕಾರ್ರ."

"ಯಂತ್ರಕ್ಕ ತಿಳೀದಿದ್ರ ಬಿಡು. ಲಕ್ಷ್ಮಿಗಿ ತಿಳೀತೈತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹಳೆಯ ಚೀಟಿ ಕಿತ್ತು, ಮೊದಲಿನದಕ್ಕೆ ಲಾಭ, ಎರಡನೆಯದಕ್ಕೆ ಎರಡು, ಹೀಗೆ ಹೊಸದು ಹಚ್ಚಿದೆ. ಯಂತ್ರ ಹೇಳುವ ನಂಬರಿಗೂ ಚೀಟಿಯ ನಂಬರಿಗೂ ಒಂದರ ಅಂತರ ಬಿತ್ತೆಂದು ನನಗೆ ಆಗಲೇ ಗೊತ್ತಿತ್ತು. ಮಹಾದೇವಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡು — ಮರೆತೆ.

ಮಹಾದೇವಿ ಅಲ್ಲಿ ವಿಡಿಯೋ ಜೋಡಿಸುವ ಕೆಲಸದಲ್ಲಿದ್ದಳು. ಕುಲಗೋಡದ ಹುಡುಗಿ, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಅವಳ ಅಪ್ಪ ನಾಲ್ಕು ಎಮ್ಮೆ ಕಟ್ಟಿ ಹಾಲು ಹಾಕುವ ಮನುಷ್ಯ. "ನನ್ನ ಮಗಳು ಕಂಪ್ಯೂಟರದಾಗ ಲಗ್ನ ಜೋಡಸ್ತಾಳ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಾಗಿದ್ದರೆ ನಮ್ಮ ಹುಡುಗನಿಗೂ ಒಂದು ಜೋಡಿಸಿಕೊಡು ಎಂದು ಜನ ಚೇಷ್ಟೆ ಮಾಡಿದರೆ ಅವನಿಗೆ ಇನ್ನೂ ಹಿಗ್ಗು.

ಲಗ್ನಗಳ ಭರಾಟೆಯಲ್ಲಿ ಒಂದು ಡಿಸ್ಕು ಕೆಟ್ಟಿತು. ನಾನು ಆ ಹೊತ್ತಿಗೆ ಬೆಲ್ಲದ ಬಾಗೇವಾಡಿಯಲ್ಲಿ ಒಬ್ಬರ ಮಾಳಿಗೆ ಮೇಲೆ ಕ್ಯಾಮೆರಾ ಕಟ್ಟುತ್ತಿದ್ದೆ. ಆರನೆಯದು ಕೆಟ್ಟಿದೆ ಎಂದು ಯಂತ್ರದ ಸಂದೇಶ ಮೊಬೈಲಿಗೆ ಬಂತು. ಹಿಂದೆಯೇ ಮಹಾದೇವಿಯ ಫೋನು.

"ಅಣ್ಣಾರ, ಪೆಟಗಿ ಒದರಾಕತ್ತೈತ್ರಿ."

"ಆರನೇದು ಹೋಗೈತಿ. ಅದನ್ನ ಜಗ್ಗು. ಕಪಾಟಿನ್ಯಾಗ ಹೊಸಾದೈತಿ, ಅದನ್ನ ಹಾಕು."

"ಚೀಟಿ ಮ್ಯಾಲಿನ ಆರೇನ್ರಿ? ಕೇಸರಿ ದೀಪ ಅದರ ಬಾಜೂದಕ್ಕ ಹತ್ತೈತ್ರಿ."

ಇಲ್ಲಿ — ಇಲ್ಲಿಯೇ. ಬಿಸಿಲು ತಲೆ ಸುಡುತ್ತಿತ್ತು, ಕೈಯಲ್ಲಿ ಡ್ರಿಲ್ಲಿತ್ತು, ಎರಡನೇ ಸಲ ಪ್ರಶ್ನೆ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಇವು ಕಾರಣಗಳಲ್ಲ, ಸುಮ್ಮನೆ ನೆನಪಿವೆ. ನಾನು ಅಂದೆ:

"ದೀಪದ ಮಾತು ಬಿಡು. ನಂಬರ್ ನೋಡು. ಆರಂದ್ರ ಆರು."

"ಹೂನ್ರಿ" ಎಂದಳು. ಚೀಟಿಯ ಮೇಲಿನ ಆರನ್ನು ಎಳೆದಳು. ಯಂತ್ರ ಸೊನ್ನೆಯಿಂದ ಎಣಿಸಿ ಆರು ಎಂದಿದ್ದ ಕೆಟ್ಟ ಡಿಸ್ಕು ಅದರ ಪಕ್ಕದ ಏಳರಲ್ಲಿತ್ತು. ಒಂದು ಮೊದಲೇ ಹೋಗಿತ್ತು, ಸರಿ ಇದ್ದ ಇನ್ನೊಂದು ಕೈಯಲ್ಲಿ ಬಂತು. ಎಲ್ಲವೂ ನಿಂತಿತು.

ಬೈಕು ಓಡಿಸಿಕೊಂಡು ಗೋಕಾಕಕ್ಕೆ ಬಂದು ರ‍್ಯಾಕಿನ ಮುಂದೆ ನಿಂತ ಕೂಡಲೇ ನನಗೆ ತಿಳಿದುಹೋಯಿತು. ಆಗಲೂ ಕೈ ಕಟ್ಟಿ ಕೂತು, ಬಲ್ಲವರಿಗೆ ತೋರಿಸಿದ್ದರೆ ಅಷ್ಟಿಷ್ಟು ಉಳಿಯುತ್ತಿತ್ತೇನೋ. ಅವಳು ಎಳೆದಿದ್ದ ಡಿಸ್ಕನ್ನು ನಾನು ಮತ್ತೆ ತುರುಕಿ, ಯಂತ್ರ ಕೇಳಿದ ಪ್ರಶ್ನೆಯನ್ನು ಓದದೆ ಹೌದು ಎಂದು ಒತ್ತಿದೆ. ಹೊಸದಾಗಿ ಶುರು ಮಾಡಲೇ ಎಂದು ಅದು ಕೇಳಿತ್ತು. ಉಳಿದದ್ದೂ ಅಳಿಸಿತು.

ಮಹಾದೇವಿ ಬಾಗಿಲಲ್ಲಿ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು. ಹೊರಗೆ ಹೋಗಿ ಸಾವಕಾರರಿಗೆ ಫೋನು ಹಚ್ಚು, ಇಲ್ಲಿ ಸಿಗ್ನಲ್ ಬರುವುದಿಲ್ಲ ಎಂದು ಕಳಿಸಿದೆ. ಅವಳು ಮೆಟ್ಟಿಲು ಇಳಿದದ್ದು ಕೇಳಿಸಿತು. ಚೀಟಿ ಮುದ್ರಿಸುವ ಪುಟ್ಟ ಯಂತ್ರ ನನ್ನ ಚೀಲದಲ್ಲೇ ಇತ್ತು. ಸಾವಕಾರರ ಕಣ್ಣಿಗೆ ಬೀಳುವ ಲಾಭವನ್ನು ಹಾಗೆಯೇ ಬಿಟ್ಟೆ. ಅದರ ಮುಂದಿನದಕ್ಕೆ ಒಂದು, ಆಮೇಲೆ ಎರಡು, ಮೂರು — ಎಲ್ಲವನ್ನೂ ಒಂದೊಂದು ಹಿಂದಕ್ಕೆ ಸರಿಸಿದೆ. ಕೆಟ್ಟ ಡಿಸ್ಕು ಈಗ ಆರಾಯಿತು. ಅವಳು ಎಳೆದದ್ದು ಐದಾಯಿತು. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಬೇಕೆನಿಸುತ್ತದೆ, ಆದರೆ ನಡುಗಲಿಲ್ಲ.

ಸಾವಕಾರರು ಬಂದರು. "ಆರು ಅಂತ ಹೇಳಿದ್ದೆ ಸಾವಕಾರ್ರ. ಆಕಿ ಐದು ಜಗ್ಗ್ಯಾಳ" ಎಂದೆ.

"ಇಲ್ರಿ, ನಾ ಇದನ್ನ…" ಎನ್ನುತ್ತ ಮಹಾದೇವಿ ಮುಂದೆ ಬಂದು ತಾನು ಎಳೆದದ್ದರ ಮೇಲೆ ಬೆರಳಿಟ್ಟಳು. ಬೆರಳ ಪಕ್ಕದಲ್ಲಿ ಐದು ಎಂದಿತ್ತು. ಬಹಳ ಹೊತ್ತು ನೋಡಿದಳು. ಒಮ್ಮೆ ನನ್ನ ಕಡೆ ತಿರುಗಿದಳು — ಅನುಮಾನದಿಂದಲ್ಲ, ನಾನೇನಾದರೂ ಅವಳ ಪರವಾಗಿ ಹೇಳಬಹುದೇ ಎಂದು. ನಾನು ವೈರು ಸುತ್ತುತ್ತಿದ್ದೆ.

"ಆರನೇದ ಅನಿಸಿತ್ತರಿ ನನಗ…" ಎಂದಳು.

ಕಳೆದುಹೋದದ್ದು ಜೋಡಿಸದೆ ಉಳಿದಿದ್ದ ಲಗ್ನಗಳು. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಬೇರೆ ಲಗ್ನಗಳಿಗೆ ಬಳಸಿಯಾಗಿತ್ತು. ಒಂದು ಹೋದರೆ ಏನೂ ಆಗುವುದಿಲ್ಲ ಎಂದು ನಾನು ಕೊಚ್ಚಿಕೊಂಡಿದ್ದರಿಂದ ಸಾವಕಾರರು ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಹೆಚ್ಚಿನ ಮನೆಯವರು ಬೈದು ಸುಮ್ಮನಾದರು. ಅಂಕಲಗಿಯ ಒಬ್ಬ ತಾಯಿ ಮಾತ್ರ ಸುಮ್ಮನಾಗಲಿಲ್ಲ. ಲಗ್ನವಾದ ಕೆಲವೇ ದಿನಗಳಲ್ಲಿ ಅವಳ ಮಗಳು ಕಾಮಾಲೆಯಿಂದ ತೀರಿಕೊಂಡಿದ್ದಳು. ಮಗಳ ನಗು, ಮಾತು ಇದ್ದದ್ದು ಅದೊಂದರಲ್ಲೇ. ಸ್ಟುಡಿಯೋದ ಕಟ್ಟೆಯ ಮೇಲೆ ಕೂತು ಅತ್ತಳು. ಜಗ್ಗಿದವರು ಯಾರು ಎಂದು ಕೇಳಿದಳು. ಮಹಾದೇವಿ ತಾನೇ ಎದ್ದು ಹೋಗಿ ಅವಳ ಕಾಲು ಹಿಡಿದಳು. ಆ ತಾಯಿ ಕಾಲು ಎಳೆದುಕೊಂಡು, "ನಿನ್ನ ಕೈ ಸೇದಿಹೋಗಲಿ" ಎಂದಳು. ನನಗೆ ಬರಬೇಕಾದ ಶಾಪ ಅದು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

ಮಹಾದೇವಿಯ ಅಪ್ಪನನ್ನು ಕರೆಸಿದರು. ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, "ಮಗಳ ಕೈಯಿಂದ ತಪ್ಪಾಗೈತ್ರಿ, ಹೊಟ್ಟ್ಯಾಗ ಹಾಕ್ಕೋರಿ" ಎಂದ. ಸಾವಕಾರರು ಹಾಕಿಕೊಳ್ಳಲಿಲ್ಲ, ಕೆಲಸ ಬಿಡಿಸಿದರು. ಹೋಗುವಾಗ ಅವನು ನನಗೂ ಕೈ ಮುಗಿದ. "ನಿಮಗೂ ತ್ರಾಸ ಆತ್ರಿ, ಈರಣ್ಣಾರ." ನಾನು ಇರಲಿ ಬಿಡ್ರಿ ಎಂದೆ. ದೊಡ್ಡ ಮನಸ್ಸಿನವನ ಹಾಗೆ ಅಂದೆ.

ಊರಿಗೆ ಮಾತು ಮುಟ್ಟುವಷ್ಟರಲ್ಲಿ ಆಕಾರ ಬದಲಾಯಿತು. ಡಿಸ್ಕು, ನಂಬರು ಯಾರಿಗೆ ತಿಳಿಯಬೇಕು? ಆ ಹುಡುಗಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ, ಐದಕ್ಕೂ ಆರಕ್ಕೂ ಗುರುತು ಸಿಗುವುದಿಲ್ಲವಂತೆ ಎಂದಾಯಿತು. ಹುಕ್ಕೇರಿ ಕಡೆಯಿಂದ ಹೊಂದಿಕೆಯಾಗಿದ್ದ ಸಂಬಂಧ ಆ ಮಾತಿಗೆ ಮುರಿದುಬಿತ್ತು. ಅಪ್ಪ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಕಣ್ಣು ಚೆನ್ನಾಗಿದೆ ಎಂದು ಅವರು ಹೇಳಿದರೂ ಯಾರೂ ಕೇಳಲಿಲ್ಲ. ಅವನು ಊರ ಕಟ್ಟೆಗೆ ಹೋಗಿ ಕೂರುವುದನ್ನು ಬಿಟ್ಟ. ಇದೆಲ್ಲ ಮೂಡಲಗಿಯ ಸಂತೆಯಲ್ಲಿ ಕುಲಗೋಡದವರ ಬಾಯಿಂದ ನನಗೆ ಮುಟ್ಟುತ್ತಿತ್ತು. ಕೇಳಿ, ಪಾಪ ಎಂದು ಲೊಚಗುಟ್ಟಿ, ಕಾಯಿಪಲ್ಲೆ ಕೊಂಡು ಮನೆಗೆ ಬರುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಈ ಸಲ ಅದೇ ಸಂತೆಯಲ್ಲಿ, ಅವಳ ಅಪ್ಪ ತೀರಿಕೊಂಡನೆಂದು ಕೇಳಿದೆ. ಅಂದು ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಇಷ್ಟು ದಿನ ಕಾಯಿಪಲ್ಲೆ ಕೊಂಡು ಬಂದದ್ದು ಹೇಗೆ ಎಂಬುದೇ ನನಗೆ ಅಸಹ್ಯ.

ಮೊದಲು ಸಾವಕಾರರ ಬಳಿ ಹೋದೆ. ಅವಳ ಮನೆಗೆ ಹೋಗುವ ಧೈರ್ಯ ಇನ್ನೂ ಬಂದಿರಲಿಲ್ಲ. ಎಲ್ಲ ಹೇಳಿದೆ, ಚೀಟಿ ಕಿತ್ತದ್ದನ್ನೂ ಹೇಳಿದೆ. ಬಡಿಯುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು "ಹೋಗ್ಲಿ ಬಿಡೋ ಈರಣ್ಣಾ. ಹಳೇದು ಕೆದಕಿ ಏನ್ ಮಾಡೂದೈತಿ? ಚಹಾ ಕುಡಿ" ಎಂದರು. ಅಪ್ಪ ಮಗಳು ಅಷ್ಟು ಬೇಡಿದರೂ ಸಿಗದ ಕ್ಷಮೆ ನನಗೆ ಕೇಳುವ ಮೊದಲೇ ಸಿಕ್ಕಿತು. ಆ ಚಹಾ ಕುಡಿದೆ ಕೂಡ.

ಮರುದಿನ ಕುಲಗೋಡಕ್ಕೆ ಹೋದೆ. ಮಹಾದೇವಿ ಅಂಗಳದಲ್ಲಿ ಮೇವು ಕತ್ತರಿಸುತ್ತಿದ್ದಳು. ಗುರುತು ಹಿಡಿದು, ಎದ್ದು, ಬರ್ರಿ ಅಣ್ಣಾರ ಎಂದು ನೀರು ಕೊಟ್ಟಳು. ಮಹಿಳಾ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಇವಳಿಗೆ ಕೊಡುತ್ತೇವೆಂದರೂ ತನ್ನ ಕಣ್ಣು ನಂಬಿಕೆಯದಲ್ಲ ಎಂದು ಒಲ್ಲೆ ಅನ್ನುತ್ತಾಳೆಂದು ಅವಳ ಅತ್ತಿಗೆ ಮಾತಿನ ನಡುವೆ ಹೇಳಿದಳು. ಆ ಮಾತು ಕೇಳಿದ ಮೇಲೆ ಕುಳಿತಿರಲು ಆಗಲಿಲ್ಲ. ನಿಂತೇ ಹೇಳಿದೆ. ಸೊನ್ನೆ, ಲಾಭ, ನನ್ನ ಸಿಡುಕು, ಚೀಟಿ, ಸುಳ್ಳು — ಒಂದನ್ನೂ ಬಿಡಲಿಲ್ಲ.

"ಹಂಗಾರ ನಾ ಜಗ್ಗಿದ್ದು ಆರನೇದ ಏನ್ರಿ?" ಎಂದಳು.

"ಹೌದವ್ವಾ. ಆರನೇದ."

ಅವಳು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಅಂಕಲಗಿಗೆ ಹೋಗಿ ಆ ತಾಯಿಗೂ ಹೇಳುತ್ತೇನೆ, ನಿಮ್ಮೂರಿನ ಕಟ್ಟೆಯ ಮೇಲೆ ನಿಂತೂ ಹೇಳುತ್ತೇನೆ ಎಂದೆ. ಅವಳು ತಲೆ ಎತ್ತಲಿಲ್ಲ.

"ಅವರಿಗೆಲ್ಲ ಹೇಳತೀರಿ ಖರೆ. ನಮ್ಮಪ್ಪಗ ಯಾರು ಹೇಳತಾರ್ರಿ?"

ಎಮ್ಮೆಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದು ಎದ್ದು ಹಿತ್ತಲಿಗೆ ಹೋದಳು.