ಐನಾಪುರದ ಬಸ್ಸಿನಲ್ಲಿ ಬ್ಲ್ಯಾಕ್ ಮೆಟಲ್

ಬಾವಿ ನೀರಿನ ಮಾದರಿ ತರಲು ಐನಾಪುರಕ್ಕೆ ಹೊರಟಿದ್ದೆ. ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕೆ ದಾರಿ ಹಾಕಿಕೊಟ್ಟ ಹಳೆಯ ಆಲ್ಬಮ್ಮೊಂದನ್ನು ಕೇಳುತ್ತಿದ್ದೆ. ಒರಟು ಧ್ವನಿಮುದ್ರಣ, ಗಂಟಲು ಹರಿಯುವ ಚೀರಾಟ. ಇಯರ್‌ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಹಿಂಗ ಚೀರಾಕತ್ತಾನಲ್ಲ, ಯಾರ್ ಸತ್ತಾರೋ ತಮ್ಮಾ ಅವಗ?" ಪಕ್ಕದ ಸೀಟಿನ ಮುದುಕಿ ಕೇಳಿದಳು.

"ಯಾರೂ ಇಲ್ಲಬೇ ಆಯಿ. ಹಾಡದು."

"ನನಗಷ್ಟು ಕೊಡು. ನಮ್ಮಣ್ಣ ಸತ್ತಾನ, ಮಣ್ಣಿಗೆ ಹೊಂಟೀನಿ. ಜಗಳಾಡಿ ಮಾತು ಬಿಟ್ಟಿದ್ವಿ, ಅಳುನ ಬರವಲ್ದು. ಒಣಗಣ್ಣಿಲೆ ಹೋದ್ರ ಮಂದಿ ಏನಂದಾರು?"

ಕೊಟ್ಟೆ. ಒಂದು ಹಾಡು ಪೂರ್ತಿ ಕೇಳಿದಳು.

"ಬರೇ ಒದರ್ತಾನಲ್ಲೋ! ಸತ್ತವರನ್ನ ಕರದು ಅಳಬೇಕು, ಹಿಂಗ... ಯಣ್ಣಾ, ನನ್ನ ಬಿಟ್ಟು ಹೋದ್ಯಾ..."

ತೋರಿಸಲು ಶುರುಮಾಡಿದವಳಿಗೆ ನಿಲ್ಲಿಸಲಾಗಲಿಲ್ಲ. ಇಡೀ ಬಸ್ಸು ತಿರುಗಿ ನೋಡಿತು.

ಕಂಡಕ್ಟರ್ ಧಾವಿಸಿದ. "ಆಯಿಗೆ ಏನ್ ಮಾಡಿದ್ರಿ?"

"ಹಾಡು ಕೇಳಿಸಿದೆ" ಎಂದೆ. ನನ್ನನ್ನು ಹಿಂದಿನ ಸೀಟಿಗೆ ಅಟ್ಟಿದ.